ಘಾಟ್ಕೋಪರಿಗೆ ಹೋಗುವ ಕಾರು

ಆ ಭಾನುವಾರ ಹೋಳಿಗೆಯ ಮೇಲೆ ತುಪ್ಪ ಬೀಳಲಿಲ್ಲ. ಬಸಲಿಂಗವ್ವ ಹೋಳಿಗೆ ಮುರಿದು, ಕೈ ತಡೆದು, ಅಡಿಗೆಮನೆಯ ಕಡೆ ನೋಡುತ್ತ ಕುಳಿತಳು. ಬಿಜಾಪುರದ ಕಡೆಯ ಮುದುಕಿ. ಮುಂಬಯಿಗೆ ಬಂದು ಎಷ್ಟೋ ವರ್ಷವಾದರೂ ತುಪ್ಪವಿಲ್ಲದ ಹೋಳಿಗೆಯನ್ನು ಆಕೆ ಕಂಡವಳಲ್ಲ.

“ತುಪ್ಪ ಎಲ್ಲೈತಿ ರುದ್ರವ್ವಾ?”

ಸೊಸೆ ಒಲೆಯ ಮುಂದಿನಿಂದ ಏಳಲಿಲ್ಲ. ಮಗ ಕಾಶಪ್ಪ ತಾಟಿನಿಂದ ತಲೆ ಎತ್ತದೆ ಹೇಳಿದ.

“ಕೆಳಗ ರಸ್ತೇದಾಗ ನಿಂತೈತಿ ನೋಡು. ಕರೀದು, ನಾಕ ಗಾಲೀದು.”

“ತುಪ್ಪ ಕೇಳಿದ್ರ ಕಾರ್ ತೋರಸ್ತೀಯೇನೋ?”

“ಅದಕ್ಕ ಹೊಸಾ ಬ್ಯಾಟರಿ ಹಾಕ್ಸೀವಿ ಯವ್ವಾ. ಈ ತಿಂಗಳ ತುಪ್ಪ ಅದ ಕುಡೀತು.”

ಮೊಮ್ಮಗ ಸಂಗಪ್ಪ ಕಿಸಕ್ಕನೆ ನಕ್ಕ. “ಮುಂದಿನ ತಿಂಗಳ ಟಾಯರ್ ಐತಿ ಆಯಿ. ಆವಾಗ ಬ್ಯಾಳಿ ಭೀ ಬಂದ್.”

ಹೋಳಿಗೆ ಹಾಗೆಯೇ ತಾಟಿನಲ್ಲಿ ಉಳಿಯಿತು. ಮುದುಕಿ ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಂಡಳು. ಅದರಲ್ಲೂ ಮಜ್ಜಿಗೆಗಿಂತ ನೀರೇ ಹೆಚ್ಚಿತ್ತು.

ಕಾಶಪ್ಪನಿಗೆ ದಾದರಿನಲ್ಲಿ ಇಳಕಲ್ ಸೀರೆ ಮತ್ತು ಖಣದ ಅಂಗಡಿ. ಮನೆ ಮಾಟುಂಗದ ಒಂದು ಬಿಲ್ಡಿಂಗಿನ ಮೂರನೆಯ ಮಾಳಿಗೆಯಲ್ಲಿ ಬಾಡಿಗೆಗೆ. ಅಂಗಡಿಗೆ ಲೋಕಲ್‌ನಲ್ಲಿ ಒಂದೇ ಸ್ಟೇಶನ್. ಮಗನ ಕಾಲೇಜು ನಡೆದುಹೋಗುವಷ್ಟು ಹತ್ತಿರ, ತಾಯಿ ಹೋಗುವ ಗುಡಿ ಇನ್ನೂ ಹತ್ತಿರ. ಇಂಥ ಮನೆಗೆ ಕಾರು ಯಾಕೆ ಬೇಕಿತ್ತು ಎಂದು ಯಾರಾದರೂ ಕೇಳಿದರೆ ಕಾಶಪ್ಪ ಹೆಂಡತಿಯ ಕಡೆ ನೋಡುತ್ತಿದ್ದ. ಹೆಂಡತಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಆ ಕಾರು ಹೋಗುತ್ತಿದ್ದದ್ದು ಒಂದೇ ಊರಿಗೆ, ಘಾಟ್ಕೋಪರಿಗೆ. ಕಾರಿನ ಯಜಮಾನ ಮಾತ್ರ ಪೆಟ್ರೋಲ್ ಉಳಿಸಲು ದಿನಾಲೂ ಲೋಕಲ್‌ನಲ್ಲಿ ನೇತಾಡಿಕೊಂಡು ಅಂಗಡಿಗೆ ಹೋಗುತ್ತಿದ್ದ.

ಕೈ ತೊಳೆದು ಬಂದ ಕಾಶಪ್ಪ ಹೆಂಡತಿಗೆ ಹೇಳಿದ.

“ಒಬ್ಬ ಟ್ಯಾಕ್ಸಿಯವ ಕೇಳ್ಯಾನ. ಕೊಟ್ಟಬಿಡ್ತೇನಿ. ಪೆಟ್ರೋಲ, ಡ್ರೈವರನ ಪಗಾರ, ಟ್ಯಾಕ್ಸು, ರಿಪೇರಿ. ಅಂಗಡಿ ನಮಗ ದುಡೀತೈತೋ ಕಾರಿಗಿ ದುಡೀತೈತೋ ತಿಳೀವಲ್ದು.”

“ಕೊಡ್ರಿ. ನನ್ನೂ ಅದರ ಡಿಕ್ಯಾಗ ಹಾಕಿ ಕೊಟ್ಟಬಿಡ್ರಿ.”

“ಅದರಾಗ ಕುಂತು ಹೋಗಾಕ ನಮಗ ಒಂದ್ ಜಾಗಾನರ ಐತೇನ?”

“ಯಾಕ, ಚನ್ನಿ ಮನಿ ಇಲ್ಲೇನು?” ಎಂದಳು ರುದ್ರವ್ವ.

ಚನ್ನಿ ಎಂದರೆ ಅವಳ ಒಡಹುಟ್ಟಿದ ತಂಗಿ ಚನ್ನವ್ವ. ಗಂಡ ಚನ್ನಬಸಯ್ಯ ಒಂದು ಕಂಪನಿಯಲ್ಲಿ ಹೆಡ್ ಕ್ಲಾರ್ಕ್. ಮೊದಲು ಅವರು ಪರೇಲಿನ ಚಾಳಿನಲ್ಲಿ ಒಂದೇ ಖೋಲಿಯಲ್ಲಿದ್ದರು. ಆಗ ರುದ್ರವ್ವನಿಗೆ ತಂಗಿಯ ಮೇಲೆ ಜೀವ. ಹಬ್ಬಕ್ಕೆ ಸಜ್ಜೆರೊಟ್ಟಿ ಕಟ್ಟಿ ಕಳಿಸುವವಳು ಅವಳೇ, ‘ಪಾಪ, ನಮ್ಮ ಚನ್ನಿ’ ಎಂದು ಬಿಲ್ಡಿಂಗಿಗೆಲ್ಲ ಹೇಳಿಕೊಂಡು ಬರುವವಳೂ ಅವಳೇ. ಅದೇ ಚನ್ನವ್ವ ಘಾಟ್ಕೋಪರಿನ ಹೊಸ ಸೊಸೈಟಿಯಲ್ಲಿ ಸ್ವಂತ ಮನೆ ಮಾಡಿದಳು. ಎರಡು ಖೋಲಿ, ಗ್ಯಾಲರಿಯಲ್ಲಿ ದಾಸವಾಳದ ಗಿಡ, ಮನೆಯೊಳಗೇ ನಲ್ಲಿ. ಗೃಹಪ್ರವೇಶದ ದಿನ ರುದ್ರವ್ವ ಆ ನಲ್ಲಿಯನ್ನು ತಿರುವಿ ನೋಡಿದಳು. ನೀರು ಧೋ ಎಂದು ಬಂತು.

“ಇಡೀ ದಿನಾ ಬರತೈತೇನ?”

“ಬರತೈತಕ್ಕಾ.”

ಹೊಟ್ಟೆಕಿಚ್ಚು ಹುಟ್ಟಿದ್ದು ಅಲ್ಲಿ, ಆ ನಲ್ಲಿಯ ಬುಡದಲ್ಲಿ. ತಂಗಿ ಬಡವಳಾಗಿದ್ದಷ್ಟು ದಿನ ಪ್ರೀತಿಸುವುದು ಸುಲಭವಾಗಿತ್ತು. ಸಂಜೆ ತಿರುಗಿ ಬರುವಾಗ ಲೋಕಲ್‌ನ ನೂಕುನುಗ್ಗಲಿನಲ್ಲಿ ರುದ್ರವ್ವನ ಸೀರೆಯ ಸೆರಗು ಹರಿಯಿತು. ಮರುದಿನ ಚಹಾದ ಹೊತ್ತಿಗೆ ಅವಳು ಗಂಡನಿಗೆ, “ನಮಗೊಂದ್ ಕಾರ್ ಬೇಕು” ಎಂದಳು.

ಅಂಗಡಿಯ ದುಡ್ಡು ಅರ್ಧಕ್ಕೂ ಸಾಲದೆ ಬಂದಾಗ ಅವಳು ಟ್ರಂಕಿನಿಂದ ತಾಯಿಯ ಡಾಬು ತೆಗೆದು ತಂದಳು. ಬಂಗಾರದ ನಡುಪಟ್ಟಿ ಅದು, ಮುಂದೆ ಮಾವಿನಕಾಯಿಯ ಆಕಾರದ ಕೊಂಡಿ. ತಾಯಿ ಚಂದ್ರವ್ವ ಸಾಯುವಾಗ ಅದನ್ನು ಹಿರಿಯ ಮಗಳ ಕೈಯಲ್ಲಿ ಕೊಟ್ಟಿದ್ದಳು. ಆಗ ಚನ್ನವ್ವ, ‘ಅಕ್ಕ ಹಿರಿಯಾಕಿ, ಅಕಿ ಹಂತ್ಯಾಕ ಇರ್ಲಿ’ ಎಂದವಳು ಆಮೇಲೆ ಅದರ ಹೆಸರೇ ಎತ್ತಿರಲಿಲ್ಲ.

ಕಾಶಪ್ಪ ಹಿಂದೆಮುಂದೆ ನೋಡಿದ. “ನಾಳಿ ನಿನ್ನ ತಂಗಿ ಮಗಳ ಮದಿವ್ಯಾಗ ಬೇಕಾತಂದ್ರ? ಆ ಹುಡುಗಿಗಿ ನಿಮ್ಮವ್ವನ ಹೆಸರ ಇಟ್ಟಾರ.”

“ಆ ಹುಡುಗಿ ಮ್ಯಾಟ್ರಿಕ್ ಕಲ್ತಾಕಿ. ಈಗಿನ ಹುಡುಗ್ಯಾರು ಡಾಬು ಕಟ್ಟತಾರೇನ್ರೀ? ಚನ್ನಿಗರ ಅದರ ನೆನಪ ಎಲ್ಲೈತಿ?”

ಡಾಬು ಅಕ್ಕಸಾಲಿಗನ ತಕ್ಕಡಿಗೆ ಹೋಯಿತು, ಆಮೇಲೆ ಮೂಸೆಗೆ ಹೋಯಿತು. ಅತ್ತೆಗೂ ಹೇಳಲಿಲ್ಲ, ಮಗನಿಗೂ ಹೇಳಲಿಲ್ಲ. ದಾದರಿನ ಒಬ್ಬ ಮುದಿ ಪಾರಸಿಯ ಕಡೆಯಿಂದ ಯುದ್ಧಕ್ಕಿಂತ ಮೊದಲಿನ ಒಂದು ಕರಿಯ ವಿಲಾಯತಿ ಕಾರು ಬಂತು. ಅದರ ಹಿಂದೆ ಉಡುಪಿಯ ಕಡೆಯ ಡ್ರೈವರ್ ದೂಜ ಬಂದ. ದೂಜನಿಗೆ ಜೋಳದ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ‘ನನಗೆ ಮಧ್ಯಾಹ್ನ ಗಂಜಿಯಾದ್ರೂ ಬೇಕು ಅಮ್ಮ, ಈ ರೊಟ್ಟಿ ತಿಂದ್ರೆ ಸ್ಟೇರಿಂಗ್ ತಿರುಗ್ಸಲಿಕ್ಕೆ ಆಗುದಿಲ್ಲ’ ಎಂದು ಮೊದಲ ದಿನವೇ ಹೇಳಿಬಿಟ್ಟ. ಅಂದಿನಿಂದ ಅವನೊಬ್ಬನಿಗಾಗಿ ಬೇರೆ ಅನ್ನ ಬೇಯುತ್ತಿತ್ತು.

ಕಾರು ಮಾರುವ ಆ ಭಾನುವಾರದ ಮಾತು ಅಲ್ಲಿಗೇ ನಿಂತಿತು. ಮುಂದೆ ದಸರೆಯ ದಿನ ಕಾರಿಗೆ ಚೆಂಡುಹೂವಿನ ಮಾಲೆ ಹಾಕಿ, ಬನ್ನಿ ಕೊಡುವ ನೆವದಿಂದ ಎಲ್ಲರೂ ಘಾಟ್ಕೋಪರಿಗೆ ಹೊರಟರು. ಸೊಸೈಟಿಯ ಬಾಗಿಲಿಗೆ ಬಂದೊಡನೆ ರುದ್ರವ್ವ ಡ್ರೈವರನಿಗೆ ಮಾಮೂಲು ಮಾತು ಹೇಳಿದಳು.

“ದೂಜಾ, ಎಂಜಿನ್ ಬಂದ್ ಮಾಡಬ್ಯಾಡ.”

“ಗೊತ್ತುಂಟು ಅಮ್ಮ.”

ಇದೊಂದು ಪದ್ಧತಿಯೇ ಆಗಿಹೋಗಿತ್ತು. ಒಮ್ಮೆ ನಿಂತರೆ ಆ ಎಂಜಿನ್ ತಿರುಗಿ ಚಾಲು ಆಗುತ್ತದೆ ಎಂಬ ಭರವಸೆ ದೇವರಿಗೂ ಇರಲಿಲ್ಲ. ತಂಗಿಯ ಕಣ್ಣೆದುರಿಗೆ ಕಾರು ನೂಕುವ ಪ್ರಸಂಗ ಬರಬಾರದು. ಆದ್ದರಿಂದ ರುದ್ರವ್ವ ಮೇಲೆ ಚಹಾ ಕುಡಿಯುವಷ್ಟು ಹೊತ್ತು ಕೆಳಗೆ ಕಾರು ಗಡಗಡ ಎನ್ನುತ್ತ ಪೆಟ್ರೋಲ್ ಕುಡಿಯುತ್ತಿತ್ತು. ಅದರ ಹೊಗೆ ನೆಟ್ಟಗೆ ಚನ್ನವ್ವನ ಗ್ಯಾಲರಿಗೆ ಏರುತ್ತಿತ್ತು.

ಚನ್ನವ್ವ ಗ್ಯಾಲರಿಗೆ ಬಂದು ಕೆಳಗೆ ನೋಡಿ, ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋದಳು. ರುದ್ರವ್ವನಿಗೆ ಬೇಕಾಗಿದ್ದು ಅದೇ. ಬನ್ನಿ ಎಲೆ ಕೊಡುವಾಗ ಚನ್ನವ್ವ, “ಬನ್ನಿ ತಗೊಂಡು ಬಂಗಾರದಂಗ ಇರೂಣಕ್ಕಾ” ಎಂದು ಕಾಲುಮುಟ್ಟಿ, ಅಕ್ಕನ ಕೈಯನ್ನು ತುಸು ಹೆಚ್ಚೇ ಹೊತ್ತು ಹಿಡಿದುಕೊಂಡಳು. ಏನೋ ಕೇಳುವವಳ ಹಾಗೆ ಬಾಯಿ ತೆರೆದು ಸುಮ್ಮನಾದಳು.

“ಬಾರಲೇ, ಪವಾಯಿ ಕೆರಿತನಾ ಒಂದ್ ಸುತ್ತ ಹೋಗಿ ಬರೂಣು.”

“ಇನ್ನೊಮ್ಮೆ ಬರ್ತೇನಿ ಅಕ್ಕಾ.” ಚನ್ನವ್ವ ಯಾವಾಗಲೂ ಹೀಗೆಯೇ ಹೇಳುತ್ತಿದ್ದಳು.

ತಿರುಗಿ ಬರುವಾಗ ರುದ್ರವ್ವನ ಮುಖದಲ್ಲಿ ನಿಜವಾದ ಹಬ್ಬವಿತ್ತು. “ನೋಡಿದ್ರಿಲ್ಲೋ, ಮಾರಿ ಹೆಂಗ ಮಾಡಿದ್ಲು? ಕುಂಡ್ರು ಅಂದ್ರ ಕುಂಡ್ರೂದಿಲ್ಲ. ಅಷ್ಟ ಹೊಟ್ಟಿ ಉರಿತೈತಿ ಅಕಿಗಿ.”

ಕಾಶಪ್ಪ ಏನೋ ಹೇಳಲು ಹೋದ. ಅಷ್ಟರಲ್ಲಿ ಕುರ್ಲಾ ದಾಟಿದ ಕಾರು ಸಾಯನ್ ಹತ್ತಿರ ನಿಂತುಬಿಟ್ಟಿತು. ಹೊಸ ಧೋತರ ಉಟ್ಟ ಕಾಶಪ್ಪ, ಇಸ್ತ್ರಿಯ ಪ್ಯಾಂಟು ಹಾಕಿದ ಸಂಗಪ್ಪ ಇಳಿದು ನೂಕಿದರು. ಬಸಲಿಂಗವ್ವ ಒಳಗೆ ಕುಳಿತೇ ಹೇಳಿದಳು.

“ಊರಾಗ ಎತ್ತಿನ ಗಾಡಿ ಇತ್ತು. ಅದನ್ನ ಎತ್ತ ಎಳೀತಿದ್ವು, ಮಂದಿ ಕುಂಡ್ರತಿದ್ರು.”

ದೀಪಾವಳಿಗೆ ಶೇಂಗಾ ಉಂಡೆ ಬಿಟ್ಟರೆ ಬೇರೆ ಸಿಹಿ ಆಗಲಿಲ್ಲ. ಹಾಲು ಒಂದು ಹೊತ್ತಿಗೆ ಇಳಿಯಿತು. ಬಸಲಿಂಗವ್ವ ಸುಮ್ಮನಿರುವ ಹೆಂಗಸಲ್ಲ. ಊಟದ ಹೊತ್ತಿಗೆ ಸರಿಯಾಗಿ ಎದುರು ಮನೆಯ ಬಾಗಿಲಿಗೆ ಹೋಗಿ, “ಒಂದ್ ಚಮಚ ತುಪ್ಪ ಇದ್ರ ಕೊಡವ್ವಾ, ನಮ್ಮನ್ಯಾಗ ಕಾರ್ ಐತಿ” ಎನ್ನತೊಡಗಿದಳು. ಎದುರು ಮನೆಯ ಮಂಗಳೂರಿನವರು ನಗು ತಡೆದು ತುಪ್ಪ ಕೊಡುತ್ತಿದ್ದರು.

“ನನ್ನ ಮಾನ ಕಳೀಬ್ಯಾಡ್ರಿ ಅತ್ತಿ!”

“ಮಾನ ಕಾರ್ ಹತ್ತಿ ಹೋತವಾ. ನಾ ಎಲ್ಲಿಂದ ಕಳೀಲಿ?”

ತುಲಸಿಲಗ್ನಕ್ಕೆ ಇನ್ನೂ ಕೆಲವು ದಿನವಿರುವಾಗ ಒಂದು ಮಧ್ಯಾಹ್ನ ಚನ್ನವ್ವ ಲೋಕಲ್‌ನಲ್ಲಿ ಬಂದಳು. ಪೇಢೆಯ ಪೊಟ್ಟಣ ಅಕ್ಕನ ಕೈಗಿಟ್ಟು, ಮಗಳು ಚಂದ್ರವ್ವನ ಮದುವೆ ಗಟ್ಟಿಯಾದ ಸುದ್ದಿ ಹೇಳಿದಳು. ಹುಡುಗ ಬೆಳಗಾವಿಯವನು, ಇಲ್ಲೇ ರೈಲ್ವೆ ಆಫೀಸಿನಲ್ಲಿ ಕೆಲಸ. ಮದುವೆ ಘಾಟ್ಕೋಪರಿನಲ್ಲಿಯೇ.

“ಬೀಗರು ದೊಡ್ಡ ಮಂದಿ ಅಕ್ಕಾ. ಬೀಗಿತ್ತಿ ಮೈತುಂಬ ಬಂಗಾರ ಹಾಕ್ಕೊಂಡ ಬಂದಿದ್ಲು. ನಾವೂ ಒಂದೀಟು ಚಂದ ಕಾಣಬೇಕಲ್ಲ.” ಆಮೇಲೆ ಬಾಗಿಲಲ್ಲಿ ಕುಳಿತ ಬಸಲಿಂಗವ್ವನ ಕಡೆ ನೋಡಿ ದನಿ ತಗ್ಗಿಸಿದಳು. “ನಿನಗೊಂದ್ ಕೇಳೂದೈತಿ. ಈಗಲ್ಲ. ನಾವಿಬ್ಬರ ಇದ್ದಾಗ ಕೇಳ್ತೇನಿ.”

ಅವಳು ಹೋದ ಮೇಲೆ ರುದ್ರವ್ವ ಕುಣಿಯುವುದೊಂದು ಬಾಕಿ. ರಾತ್ರಿ ರೊಟ್ಟಿ ಬಡಿಯುತ್ತ ಗಂಡನಿಗೆ ಹೇಳಿದಳು.

“ಬಂದ್ಲ್ರೀ ದಾರಿಗೆ. ಮದಿವಿಗಿ ಕಾರ್ ಕೇಳ್ತಾಳ. ಬೀಗರ ಮುಂದ ಕಾರ್ ಇಲ್ಲದ ನಿಲ್ಲಾಕ ಆಗವಲ್ದು ಅಕಿಗಿ.”

“ಮತ್ತೇನರ ಇದ್ರ?” ಎಂದ ಕಾಶಪ್ಪ. ಡಾಬು ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದು ನಿಂತಿತ್ತು.

“ಮತ್ತೇನಿರತೈತಿ? ನಿಮ್ಮ ಟ್ಯಾಕ್ಸಿಯವಗ ಆಗೂದಿಲ್ಲ ಅಂತ ಹೇಳಿಬಿಡ್ರಿ.”

ಮದುವೆಗೆ ಹೋಗುವ ಕಾರು ಹೊಗೆ ಕಾರುತ್ತ ಹೋದರೆ ಹೇಗೆ? ಕಾರು ಗ್ಯಾರೇಜಿಗೆ ಹೋಯಿತು. ಎಂಜಿನ್ ಬಿಚ್ಚಿಸಿದರು, ಸೀಟಿಗೆ ಹೊಸ ಬಟ್ಟೆ ಹಾಕಿಸಿದರು, ಮೈಗೆ ಹೊಸ ಬಣ್ಣ ಬಳಿಸಿದರು. ಬಣ್ಣದ ದುಡ್ಡು ಎಲ್ಲಿಂದ ಬಂತು ಎಂಬುದು ಸಂಗಪ್ಪನಿಗೆ ಫೀ ಕಟ್ಟುವ ದಿನ ಗೊತ್ತಾಯಿತು.

“ಅವ್ವಾ, ನನ್ನ ಟರ್ಮ್ ಫೀ ಎಲ್ಲಿ?”

“ನಿಮ್ಮ ಸಾಹೇಬಗ ಹೇಳು, ಮದಿವಿ ಆದ ಮ್ಯಾಲ ಕೊಡ್ತೇವಿ ಅಂತ.”

“ಅದು ಕಾಲೇಜ್ ಅವ್ವಾ. ಕಿರಾಣಿ ದುಕಾನ್ ನಹೀ ಹೈ!”

“ನಿನ್ನ ಚಿಗವ್ವನ ಮಗಳ ಮದಿವಿ ಐತಿ. ಒಂದೀಟ ತಡಕೊಳ್ಳಾಕ ಆಗೂದಿಲ್ಲ?”

“ಚಿಗವ್ವ ಕೇಳಿದ್ಲೇನ ಕಾರ್? ಯಾರೂ ಕೇಳಿಲ್ಲ! ನೀನ ಓಡ್ಯಾಡಾಕತ್ತೀದಿ!” ಎಂದು ಹುಡುಗ ತಾಟು ಸರಿಸಿ ಎದ್ದುಹೋದ. ಎರಡು ದಿನ ಮನೆಯಲ್ಲಿ ಉಣ್ಣಲಿಲ್ಲ. ಸ್ಟೇಶನ್ನಿನ ಹತ್ತಿರದ ಉಡುಪಿ ಹೋಟೆಲಿನಲ್ಲಿ ಗೆಳೆಯರ ಖರ್ಚಿನಲ್ಲಿ ಇಡ್ಲಿ ತಿನ್ನುತ್ತಿದ್ದಾನೆ ಎಂದು ದೂಜ ಸುದ್ದಿ ತಂದ. ರುದ್ರವ್ವ ಮಗನ ಪಾಲಿನ ರೊಟ್ಟಿ ತೆಗೆದಿಟ್ಟಳು. ಆದರೂ ಸಂಜೆ ಗ್ಯಾರೇಜಿನಿಂದ ಬಂದ ಕಾರಿನ ಹೊಳಪು ನೋಡಿ ಅದನ್ನು ಮರೆತಳು.

ಮದುವೆಗೆ ವಾರವಿರುವಾಗ ಲಗ್ನಪತ್ರಿಕೆ ಹಂಚುವ ಕೆಲಸ ಬಂತು. ಮಾಟುಂಗದ ಕನ್ನಡಿಗರ ಮನೆಗಳಿಗೆಲ್ಲ ಕಾರಿನಲ್ಲೇ ಹೋಗೋಣ ಎಂದು ಹಟ ಹಿಡಿದ ರುದ್ರವ್ವ ಬೆಳಿಗ್ಗೆಯೇ ಘಾಟ್ಕೋಪರಿಗೆ ಹೋಗಿ ತಂಗಿಯನ್ನು ಹತ್ತಿಸಿಕೊಂಡಳು. ಈ ಸಲ ಚನ್ನವ್ವ ಇಲ್ಲ ಎನ್ನಲಿಲ್ಲ. ಅವಳ ಒಂದು ಕೈಯಲ್ಲಿ ಲಗ್ನಪತ್ರಿಕೆಯ ಚೀಲ, ಇನ್ನೊಂದು ಕೈಯಲ್ಲಿ ಒಂದು ನಿಂಬೆಹಣ್ಣು ಇತ್ತು. ಹೊಸ ಬಣ್ಣಕ್ಕೆ ದೃಷ್ಟಿ ತೆಗೆಯಲು ತಂದಿದ್ದಾಳೆ ಎಂದುಕೊಂಡು ರುದ್ರವ್ವ ಒಳಗೊಳಗೇ ಹಿಗ್ಗಿದಳು.

ಕುರ್ಲಾ ದಾಟುವವರೆಗೂ ಚನ್ನವ್ವ ನಿಂಬೆಹಣ್ಣನ್ನು ಮೂಗಿಗೆ ಹಿಡಿದುಕೊಂಡು ಕಣ್ಣುಮುಚ್ಚಿ ಕುಳಿತಿದ್ದಳು. ಆಮೇಲೆ ಕಣ್ಣು ತೆರೆದು, “ಅಕ್ಕಾ, ಒಂದ್ ಮಾತ ಕೇಳ್ತೇನಿ, ಇಲ್ಲ ಅನಬ್ಯಾಡ” ಎಂದಳು.

“ಕೇಳೂದೇನ ಬಂತವಾ? ನಾಕ ದಿನಾ ಮೊದಲ ನಿನ್ನ ಬಾಗಲದಾಗ ತಂದ ನಿಲ್ಲಸ್ತೇನಿ.”

“ಏನು?”

“ಕಾರು.”

“ಕಾರ್ ಯಾಕಕ್ಕಾ? ಮದಿವಿ ನಮ್ಮ ಸೊಸೈಟಿ ಅಂಗಳದಾಗ. ಬೀಗರು ತಮ್ಮ ಬಸ್ ಮಾಡ್ಯಾರ.” ಚನ್ನವ್ವ ಮತ್ತೆ ನಿಂಬೆಹಣ್ಣು ಮೂಸಿದಳು. “ಸಿಟ್ಟಾಗಬ್ಯಾಡ, ಈ ಪೆಟ್ರೋಲ್ ನಾತಕ್ಕ ನನಗ ಹೊಟ್ಟಿ ತೊಳಸತೈತಿ. ನೀ ಬಂದಾಗೊಮ್ಮೆ ಆ ಹೊಗಿ ಮನಿ ತುಂಬ ತುಂಬಕೋತೈತಿ. ಅಕ್ಕ ಏನ ತಿಳಕೋತಾಳೋ ಅಂತ ಬಾಯಿ ಮುಚಕೊಂಡ ಕುಂಡ್ರತಿದ್ದೆ.”

ರುದ್ರವ್ವ ತನ್ನ ಕಡೆಯ ಕಿಟಕಿಯ ಗಾಜು ಇಳಿಸಿದಳು. ಚನ್ನವ್ವನೇ ಮುಂದುವರಿಸಿದಳು.

“ನನಗ ಬೇಕಾಗಿದ್ದು ಅವ್ವನ ಡಾಬು. ನಮ್ಮ ಹುಡುಗಿ ಅವ್ವನ ಹೆಸರಿನಾಕಿ. ಹೆಸರಿನ ಹಿರಿಯಾಕಿದು ಒಂದರ ಒಡವಿ ಮೈಮ್ಯಾಲ ಇರಬೇಕಲ್ಲ. ಅಕಿ ಹುಟ್ಟಿದಾಗಿಂದ ನೆನಸಿಟ್ಟೇನಿ. ಸುರಗಿ ನೀರ ಹಾಕಿಸ್ಕೊಂಡು ಹೊಸಾ ಸೀರಿ ಉಟ್ಟ ಕೂಡ್ಲೆ ಅದನ್ನ ಕಟ್ಟಬೇಕು. ಅಕ್ಷತಾ ಬಿದ್ದ ಮ್ಯಾಲ ಬಿಚ್ಚಿ ನಿನ್ನ ಕೈಯಾಗ ಕೊಡ್ತೇನಿ, ಅವ್ವನ ಆಣಿ.” ಆಮೇಲೆ ನಾಚಿಕೆ ಬಿಟ್ಟು ಹೇಳಿಬಿಟ್ಟಳು. “ನಿನ್ನ ಹಂತ್ಯಾಕ ಇರ್ಲಿ ಅಂತ ಆವತ್ತ ನಾನ ಅಂದೆ, ಖರೆ. ಆದ್ರ ನೀ ಅದನ್ನ ಟ್ರಂಕಿನಾಗ ಇಟ್ಟಾಗಿಂದ ನನ್ನ ಹೊಟ್ಟಿ ಉರದೈತಿ ಅಕ್ಕಾ. ಮನಿ ಆತು, ನಲ್ಲಿ ಆತು, ಎಲ್ಲಾ ಆತು. ನಿನ್ನ ಕಂಡಾಗೊಮ್ಮೆ ಅದೊಂದ ಕಣ್ಣ ಮುಂದ ಬರತಿತ್ತು.”

ಹೊಟ್ಟೆ ಉರಿಯಿತು ಎಂಬ ಆ ಮಾತನ್ನು ತಂಗಿಯ ಬಾಯಿಂದ ಕೇಳಬೇಕೆಂದೇ ರುದ್ರವ್ವ ಮನೆಯ ತುಪ್ಪ, ಹಾಲು, ಮಗನ ಫೀ ಎಲ್ಲವನ್ನೂ ಸುರಿದಿದ್ದಳು. ಈಗ ಅದು ಕಿವಿಗೆ ಬಿತ್ತು.

“ಅದರ ಮ್ಯಾಲ ಕುಂತೀ, ಚನ್ನೀ.”

ಚನ್ನವ್ವನಿಗೆ ತಿಳಿಯಲಿಲ್ಲ. ಸ್ವಲ್ಪ ಎದ್ದು ಸೀಟಿನ ಕೆಳಗೆ ಕೈಯಾಡಿಸಿದಳು. “ಎಲ್ಲಿ? ತಂದಿ?”

“ಕರಗಿಸಿದೆ. ಕರಗಿಸಿ ಈ ಕಾರ್ ತಗೊಂಡೆ.”

“ಯಾಕ?”

“ನೀ ನೋಡ್ಲಿ ಅಂತ.”

ಕಾರು ಸಾಯನ್ ಸ್ಟೇಶನ್ನಿನ ಹತ್ತಿರ ಬಂದಿತ್ತು. ಚನ್ನವ್ವ ಮುಂದೆ ಬಾಗಿ, “ನಿಲ್ಸಪ್ಪಾ ದೂಜ” ಎಂದಳು. ಇಳಿದು, ಕಂಬ ಹಿಡಿದು ಒಂದು ಗಳಿಗೆ ನಿಂತಳು. ಅವಳು ವಾಂತಿಯನ್ನು ತಡೆಯುತ್ತಿದ್ದಾಳೋ ಅಳುವನ್ನು ತಡೆಯುತ್ತಿದ್ದಾಳೋ ರುದ್ರವ್ವನಿಗೆ ತಿಳಿಯಲಿಲ್ಲ. ಚನ್ನವ್ವ ಚೀಲದಿಂದ ಮೂಲೆಗೆ ಅರಿಶಿಣ ಕುಂಕುಮ ಹಚ್ಚಿದ ಒಂದು ಲಗ್ನಪತ್ರಿಕೆ ತೆಗೆದು, ಕಿಟಕಿಯಿಂದ ಅಕ್ಕನ ಮಡಿಲಿಗೆ ಹಾಕಿದಳು.

“ಮದಿವಿಗಿ ಬಾ ಅಕ್ಕಾ. ಲೋಕಲ್‌ನಾಗ ಬಾ.”

ಅವಳು ತಿರುಗಿಯೂ ನೋಡದೆ ಸ್ಟೇಶನ್ನಿನ ಕಡೆ ನಡೆದಳು. ಎಂಜಿನ್ ಗಡಗಡ ಎನ್ನುತ್ತಿತ್ತು. ದೂಜ ಹಿಂದೆ ತಿರುಗಿ, “ಹೋಗುವನಾ ಅಮ್ಮ?” ಎಂದು ಕೇಳಿದ.

“ಬಂದ್ ಮಾಡು.”

“ಬಂದ್ ಮಾಡಿದ್ರೆ ಮತ್ತೆ ಚಾಲು ಆಗ್ಲಿಕ್ಕಿಲ್ಲ.”

“ಬಂದ್ ಮಾಡು ಅಂದೆನಲ್ಲ.”

ದೂಜ ಬಂದ್ ಮಾಡಿದ. ರುದ್ರವ್ವ ಅಲ್ಲಿಯೇ ಅತ್ತಳು.

ಟ್ಯಾಕ್ಸಿಯವನು ಹಳೆಯ ಬೆಲೆಗೆ ಒಪ್ಪಲಿಲ್ಲ. ಕೊನೆಗೆ ಅವನು ಹೇಳಿದ ಬೆಲೆಗೇ ಕಾರು ಹೋಯಿತು. ದೂಜ ಅವನ ಹತ್ತಿರವೇ ಕೆಲಸಕ್ಕೆ ನಿಂತ. ಸಂಗಪ್ಪನ ಫೀ ಕಟ್ಟಿದರು. ಮನೆಗೆ ತುಪ್ಪದ ಡಬ್ಬಿ ಬಂತು. ಬಸಲಿಂಗವ್ವನಿಗೆ ಡಾಬಿನ ಸಂಗತಿ ಈಗ ಗೊತ್ತಾಗಿತ್ತು. ಕಾಶಪ್ಪ ಹೆದರಿಕೊಂಡಿದ್ದ. ಆದರೆ ಮುದುಕಿ ಬೈಯಲಿಲ್ಲ.

“ಉಳದ ದುಡ್ಡಿನಾಗ ಆ ಹುಡುಗಿಗಿ ಏನರ ಮಾಡಸ್ರಿ,” ಎಂದಳಷ್ಟೆ. “ತುಪ್ಪ ನನಗ ಎದರ ಮನ್ಯಾಗ ಸಿಗತೈತಿ.”

ಉಳಿದ ದುಡ್ಡಿಗೆ ಡಾಬು ಎಲ್ಲಿ ಬರುತ್ತದೆ? ಒಂದು ಜೋಡಿ ಬೆಂಡೋಲಿ ಬಂತು. ಮದುವೆಯ ದಿನ ರುದ್ರವ್ವ ಅದನ್ನು ಸೆರಗಿನ ತುದಿಗೆ ಗಂಟುಹಾಕಿಕೊಂಡು, ಮನೆಮಂದಿಯೆಲ್ಲರೊಡನೆ ಲೋಕಲ್‌ನಲ್ಲಿ ನಿಂತುಕೊಂಡು ಘಾಟ್ಕೋಪರಿಗೆ ಹೋದಳು. ಸುರಗಿ ಮುಗಿದು ಹೊಸ ಸೀರೆ ಉಟ್ಟ ಚಂದ್ರವ್ವನ ಕಿವಿಗೆ ತಾನೇ ಹಾಕಿದಳು. ಹುಡುಗಿ ಕಾಲುಮುಟ್ಟಿದಳು. ಚನ್ನವ್ವ ಪಕ್ಕದಲ್ಲೇ ನಿಂತು ಮಗಳ ಖಾಲಿ ನಡುವಿನ ಹತ್ತಿರ ಸೀರೆಯ ನೆರಿಗೆ ಸರಿಪಡಿಸುತ್ತಿದ್ದಳು. ಅಕ್ಕನ ಕಡೆ ನೋಡಲಿಲ್ಲ, ಒಂದು ಮಾತೂ ಆಡಲಿಲ್ಲ.

ಅಕ್ಷತೆ ಬಿದ್ದ ಮೇಲೆ ಹೆಂಗಸರೆಲ್ಲ ಜಮಖಾನೆಯ ಮೇಲೆ ಕುಳಿತರು. ಚನ್ನವ್ವ ಒಂದು ತುದಿಯಲ್ಲಿ ಕುಳಿತಿದ್ದಳು. ರುದ್ರವ್ವ ಗೋಡೆಯ ಹತ್ತಿರ ನಿಂತೇ ಇದ್ದಳು. ಅಷ್ಟರಲ್ಲಿ ಬೀಗಿತ್ತಿ ಮೇಲಿನ ಮನೆಯಿಂದ ಅಂಗಳಕ್ಕೆ ಇಳಿದು ಬಂದಳು. ದಪ್ಪ ನಡುವಿನ ಮೇಲೆ ಬಂಗಾರದ ಡಾಬು ಫಳಫಳ ಹೊಳೆಯುತ್ತಿತ್ತು. ಕುಳಿತ ಹೆಂಗಸರೆಲ್ಲ ಬಾಯಿಬಿಟ್ಟು ನೋಡಿದರು. ಅಕ್ಕತಂಗಿಯರೂ ನೋಡಿದರು. ಇಬ್ಬರ ಹೊಟ್ಟೆಯೂ ಒಟ್ಟಿಗೇ ಉರಿಯಿತು.

“ಅವ್ವಂದು ಇದಕ್ಕಿಂತ ಅಗಲ ಇತ್ತು,” ಎಂದಳು ಚನ್ನವ್ವ, ಯಾರಿಗೂ ಅಲ್ಲ ಎಂಬ ಹಾಗೆ.

“ಹೌದು. ಇದರ ಕೊಂಡೀನೂ ಚಂದಿಲ್ಲ,” ಎಂದಳು ರುದ್ರವ್ವ. ತಂಗಿ ಮಾತಾಡಿದ ಸಂತೋಷಕ್ಕೆ ಇನ್ನೊಂದು ಮಾತು ಸೇರಿಸಿದಳು. “ತೂಕಾನೂ ಅವ್ವಂದ ಹೆಚ್ಚಿತ್ತು.”

ಚನ್ನವ್ವ ಈಗ ತಲೆ ಎತ್ತಿ ಅಕ್ಕನನ್ನು ನೋಡಿದಳು.

“ನಿನಗ ಗೊತ್ತಿರಬೇಕಲ್ಲ. ತೂಕಕ್ಕ ಹಾಕಿದಾಕಿ ನೀ.”

ಹಾಗೆಂದು, ಜಮಖಾನೆಯ ಮೇಲೆ ತುಸು ಸರಿದು ಅಕ್ಕನಿಗೆ ಜಾಗ ಮಾಡಿದಳು.